ಹೆಸರಿಲ್ಲದ ಹಾಳೆ

ಹಾಳೆಗೆ ಅಂಟಿಸಿದ್ದ ಒಣಗಿದ ಗಿಡದ ಗಡ್ಡೆಯನ್ನು ಮನೆ ಓನರ್ ಮುನಿತಾಯಮ್ಮ ಉಗುರಿನಲ್ಲಿ ಚಿವುಟೇಬಿಟ್ಟರು.

"ಅಯ್ಯೋ ಅಜ್ಜಿ! ಹನ್ನೊಂದಕ್ಕೆ ಅದನ್ನ ಸಬ್ಮಿಟ್ ಮಾಡ್ಬೇಕು!" ಬಾಟನಿ ಓದುತ್ತಿದ್ದ ಶೈಲಾ ಕಿರುಚಿದಳು. ಇಡೀ ರೆಕಾರ್ಡಿನಲ್ಲಿ ಹೆಸರು ಸಿಗದೆ ಉಳಿದಿದ್ದು ಆ ಹಾಳೆಯೊಂದೇ. ಫೋನಿನ ಆ್ಯಪ್ ಬರೀ 'ಹುಲ್ಲು' ಎಂದಿತ್ತು.

ಮುನಿತಾಯಮ್ಮ ಬೆರಳು ಮೂಸಿದರು. "ಹುಲ್ಲಲ್ಲ ಕಣೇ, ಕೊನ್ನಾರಿಗಡ್ಡೆ. ಹೊಟ್ಟೆ ನುಲಿದು ಭೇದಿಯಾದ್ರೆ ನಮ್ಮಮ್ಮ ಮಜ್ಜಿಗೇಲಿ ಅರೆದು ಕುಡಿಸೋರು. ಎಲ್ಲಿ ಕಿತ್ತೆ?"

"ನಿಮ್ಮ ಗೇಟ್ ಪಕ್ಕಾನೇ."

"ಮತ್ತೆ ನನ್ನ ಕೇಳೋಕೇನಾಗಿತ್ತು ನಿಂಗೆ?"

ಶೈಲಾ ಪುಸ್ತಕದಲ್ಲಿ ಚಿತ್ರ ಹುಡುಕಿದಳು. ಅದೇ ಗಿಡ, ಅದೇ ಉಪಯೋಗ. ಹಾಳೆಯ ಕೆಳಗೆ 'ಗುರುತಿಸಿದವರು' ಎಂಬಲ್ಲಿ ತನ್ನ ಹೆಸರು ಬರೆಯಹೊರಟವಳು ತಡೆದು ಪೆನ್ನು ಮೇಲೆತ್ತಿದಳು.

"ಅಜ್ಜಿ, ನಿಮ್ಮ ಇನಿಷಿಯಲ್ ಏನು?"