ಡಾಬ್ಸ್‌ನ ಚಿತ್ರ

“ಮುಖ ನಮ್ಮನೆಯವರದ್ದು. ಕೆಳಗಡೆ ಇರೋ ಹೆಸರು ಯಾರದ್ದಕ್ಕಾ?”

ಸಿಗರೇಟು ಪೊಟ್ಟಣದೊಳಗೆ ಬಂದಿದ್ದ, ಆಟಗಾರನ ಚಿತ್ರವಿದ್ದ ಪುಟ್ಟ ಕಾರ್ಡನ್ನು ಹೊನೋರಾ ಮೇಜಿನ ಮೇಲಿಟ್ಟಳು. ಬ್ರೂಕ್ಲಿನ್ನಿನ ಆ ಫೋಟೋ ಸ್ಟುಡಿಯೋದ ಒಡತಿ ಲವೀನಿಯಾ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ಅದರಲ್ಲಿ ಬಣ್ಣದ ಪರದೆಯ ಮುಂದೆ, ದಾರದಲ್ಲಿ ತೂಗಿಬಿಟ್ಟ ಬೇಸ್‌ಬಾಲ್ ಚೆಂಡಿಗೆ ಬರಿಗೈ ಚಾಚಿ ನಿಂತವನು ಹೊನೋರಾಳ ಗಂಡ, ಬೇಸ್‌ಬಾಲ್ ತಂಡವೊಂದರ ಆಟಗಾರ ಕಾರ್ಮ್ಯಾಕ್. ಮಾರ್ಚ್ ತಿಂಗಳಲ್ಲಿ ವಿಷಮಶೀತ ಜ್ವರಕ್ಕೆ ತೀರಿಕೊಂಡಿದ್ದ. ಅವನ ಜಾಗಕ್ಕೆ ತಂಡದವರು ಡಾಬ್ಸ್ ಎಂಬವನನ್ನು ಕರೆತಂದರು. ಸಿಗರೇಟು ಕಂಪನಿಗೆ ಚಿತ್ರದ ಅವಸರ, ಡಾಬ್ಸ್ ಊರಲ್ಲಿರಲಿಲ್ಲ. ಕಾರ್ಮ್ಯಾಕ್‌ನ ಚಿತ್ರ ಮೂಡಿದ್ದ ಗಾಜಿನ ನೆಗೆಟಿವ್ ಫಲಕದ ಮೇಲಿದ್ದ ಹೆಸರನ್ನು ಕೆರೆದು ಹೊಸದನ್ನು ಬರೆದವಳು ಲವೀನಿಯಾಳೇ. ಗಂಡ ಹೇಳಿದ್ದ, ಬರೆದಿದ್ದಳು.

“ಮನೇಲಿ ಅವರದ್ದು ಬೇರೆ ಒಂದು ಫೋಟೋನೂ ಇಲ್ಲಕ್ಕಾ. ಮದುವೇಲಿ ತೆಗೆಸೋಣ ಅಂದ್ರೆ ದುಡ್ಡು ದಂಡ ಅಂದ್ರು. ಮಗಳು ಹುಟ್ಟಿದ್ದೇ ಅವರು ಹೋದ್ಮೇಲೆ. ಅವಳಿಗೆ ಅಪ್ಪ ಯಾರು ಅಂತ ತೋರಿಸ್ಬೇಕಲ್ಲ. ಅವರ ಹೆಸರು ಹಾಕಿ ಒಂದೇ ಒಂದು ಮಾಡಿಕೊಡಿ.”

ಲವೀನಿಯಾ ಒಳಗಿನಿಂದ ಆ ಗಾಜನ್ನು ತಂದಳು, ಹೆಸರು ಕೆರೆಯುವ ಸೂಜಿಯನ್ನೂ ತಂದಳು. ಅಷ್ಟರಲ್ಲಿ ಅವಳ ಗಂಡ ಥ್ಯಾಡಿಯಸ್ ಕತ್ತಲೆ ಕೋಣೆಯಿಂದ ಕೈ ಒರೆಸಿಕೊಳ್ಳುತ್ತ ಬಂದ.

“ಏನೇ ಅದು? ಇಡು ಅಲ್ಲಿ. ಕಂಪನಿ ಸೊತ್ತು ಅದು, ನಿಮ್ಮಪ್ಪಂದಲ್ಲ. ನೋಡಮ್ಮ, ಬೇಕಿದ್ರೆ ಇದೇ ಕಾರ್ಡು ಇನ್ನೆರಡು ಪುಕ್ಕಟೆ ಕೊಡ್ತೀನಿ. ಮುಖ ನಿನ್ನ ಗಂಡಂದೇ ಅಲ್ವಾ?”

“ಇನ್ನೊಬ್ಬರ ಹೆಸರು ಇರೋದನ್ನ ಗೋಡೆಗೆ ಹಾಕ್ಲಾ ಸ್ವಾಮಿ? ಗಂಡ ಮಣ್ಣಾಗಿ ವರ್ಷ ತುಂಬಿಲ್ಲ, ಆಗ್ಲೇ ಡಾಬ್ಸ್‌ನ ಹಿಡ್ಕೊಂಡ್ಳು ಅನ್ನಲ್ವಾ ಬೀದಿಯೋರು?”

ಥ್ಯಾಡಿಯಸ್ ನಕ್ಕ. “ಟೋಪಿ ಹುಬ್ಬಿನ ತನಕ ಇಳಿದಿದೆ. ಯಾರಮ್ಮ ಮುಖ ನೋಡ್ತಾರೆ? ನಿನ್ನೆ ಆ ಡಾಬ್ಸ್ ಹೆಂಡತೀನೇ ಬಂದಿದ್ಲು. ‘ನಮ್ಮ ಯಜಮಾನ್ರು ಎಷ್ಟು ಚೆನ್ನಾಗಿ ಬಂದಿದ್ದಾರೆ’ ಅಂತ ಎದೆಗವಚ್ಕೊಂಡು ಹೋದ್ಲು. ಅವಳಿಗಿಲ್ಲದ ತಕರಾರು ನಿನಗ್ಯಾಕೆ?”

ಲವೀನಿಯಾ ಸೂಜಿಯನ್ನು ಡಬ್ಬಿಗೆ ಹಾಕಿದಳು. ಗಂಡನಿಗೆ ಎದುರಾಡಿ ಅವಳಿಗೆ ಅಭ್ಯಾಸವಿರಲಿಲ್ಲ.

ಹೊನೋರಾ ಕಾರ್ಡನ್ನು ಎತ್ತಿಕೊಂಡು, ಹೆಸರಿನ ಮೇಲೆ ಹೆಬ್ಬೆರಳಿಟ್ಟು ನೋಡಿದಳು.

“ಪಾಪ,” ಎಂದಳು. “ಹಾಗಾದ್ರೆ ಆಯಮ್ಮನಿಗೂ ಗಂಡ ಇಲ್ಲ ಅನ್ನಿ.”