ಗೆರೆ ಎಳೆಯದ ಊರು

ಬಾಗಲಕೋಟೆಯ ಒಂದು ಹಾಲ್‌ನಲ್ಲಿ ನೀಲಾಂಬಿಕಾ ಅವರ ಮೊದಲ ಚಿತ್ರಪ್ರದರ್ಶನ... ಆಗ ಅವರಿಗೆ ಅರವತ್ತಮೂರು ವರ್ಷ.

ಎಲ್ಲವೂ ವಾಟರ್ ಕಲರ್. ದೊಡ್ಡ ಚಿತ್ರವೊಂದರ ಮುಂದೆ ಹೋಟೆಲ್ ಮಾಲೀಕರೊಬ್ಬರು ನಿಂತರು.

ಹೊಳೆದಂಡೆಯ ಊರು. ಒದ್ದೆ ಕಾಗದದ ಮೇಲೆ ಬಣ್ಣಗಳು ಒಂದರೊಳಗೊಂದು ಹರಿದಿದ್ದವು... ಮನೆಗಳೆಂದರೆ ಬರೀ ಮಣ್ಣುಬಣ್ಣದ ಕಲೆಗಳು.

“ಬಣ್ಣ ಚಂದ್ ಅದಾವ್ರೀ ಮೇಡಂ. ಆದ್ರ ಮನಿ ಯಾವ್ದು, ಗಿಡ ಯಾವ್ದು ತಿಳೀವಲ್ದು. ಒಂದೀಟು ಗೆರಿ ಎಳದು, ಬಾಗ್ಲಾ ಕಿಟಕಿ ಮಾಡಿಕೊಡ್ರಿ... ನಮ್ಮ ಹೋಟೆಲಿಗೆ ತಗೋತೀನಿ.”

“ಇಲ್ರೀ. ಒಂದು ಗೆರೀನೂ ಎಳ್ಯಾಂಗಿಲ್ಲ.”

ಮಾಲೀಕರು ನಕ್ಕರು. “ಯಾಕ, ಗೆರಿ ಎಳ್ಯಾಕ ಬರಂಗಿಲ್ಲೇನ್ರೀ?”

ನೀಲಾಂಬಿಕಾ ದನಿ ಏರಿಸಲಿಲ್ಲ.

“ಮೂವತ್ತೊಂದು ವರ್ಷ ಸರ್ಕಾರಿ ಆಫೀಸಿನ್ಯಾಗ ನಕ್ಷೆ ಬರದೀನ್ರೀ. ಡ್ಯಾಮಿನ ನೀರಾಗ ಮುಳುಗಿದ ಈ ಊರಿನ ನಕ್ಷೇನೂ ನಾನ ಬರದದ್ದು. ಪ್ರತಿ ಮನಿ, ಬಾಗ್ಲಾ, ಬಾವಿ... ಕೂದಲೆಳಿಯಷ್ಟೂ ತಪ್ಪಿರಲಿಲ್ಲ. ಎಲ್ಲಾ ಇತ್ತು ಅದ್ರಾಗ. ಊರು ಮಾತ್ರ ಇರಲಿಲ್ಲ.”

ಅಷ್ಟರಲ್ಲಿ ಮೊಮ್ಮಗಳ ಕೈ ಹಿಡಿದು ಬಂದಿದ್ದ ಅಜ್ಜಿಯೊಬ್ಬರು ಅದೇ ಚಿತ್ರದ ಮುಂದೆ ನಿಂತುಬಿಟ್ಟರು...

ಹಳದಿ ಹರಡಿದ್ದ ಕಡೆ ಬೆರಳು ತೋರಿಸಿದರು. “ಯವ್ವಾ... ಇದು ನಮ್ಮ ಕುಸುಬಿ ಹೊಲ. ಇಲ್ಲಿಂದನ ಹೊಳಿಗೆ ಇಳೀತಿದ್ವಿ. ಇದು ನಮ್ಮೂರು!”

ಮಾಲೀಕರಿಗೆ ಅಚ್ಚರಿ. “ಒಂದು ಮನೀನೂ ನೆಟ್ಟಗ ಕಾಣವಲ್ದು... ಹೆಂಗ ಗುರ್ತು ಹಿಡದಿ ಬೇ ಯಮ್ಮಾ?”

“ಊರು ಬಿಡು ದಿನ ಟ್ರ್ಯಾಕ್ಟರ್‌ನ್ಯಾಗ ಕುಂತು ಹಿಂದಕ ಹೊಳ್ಳಿ ನೋಡಿದೆನಪಾ. ಕಣ್ತುಂಬ ನೀರು... ಹಿಂಗ ಕಂಡಿತ್ತು.”

ನೀಲಾಂಬಿಕಾ ಅಜ್ಜಿಯ ಕೈ ಹಿಡಿದುಕೊಂಡು ಅತ್ತುಬಿಟ್ಟರು.

ಸ್ವಲ್ಪ ಹೊತ್ತಿನ ಮೇಲೆ ಮಾಲೀಕರು ಮೆಲ್ಲಗೆ ಕೇಳಿದರು. “ಮೇಡಂ... ಹೆಂಗ ಐತಿ ಹಂಗ ಕೊಡ್ತೀರೇನ್ರೀ?”

“ಇದು ಈ ಅವ್ವನ ಊರು. ಅವ್ರನ್ನ ಕೇಳ್ರಿ.”

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು ಮಾಲೀಕರನ್ನು ನೆಟ್ಟಗೆ ನೋಡಿದರು.

“ಒಯ್ಯಪಾ. ಆದ್ರ ಮೂಲ್ಯಾಗ ಹಾಕಬ್ಯಾಡ, ಮಂದಿ ಕಾಣುವಂಗ ಹಾಕು. ಕೆಳಗ ನಮ್ಮೂರ ಹೆಸರು ಬರಸು. ಊರು ಮುಳುಗೈತಿ... ಹೆಸರು ಮುಳುಗಿಲ್ಲ!”

ಇವತ್ತು ಆ ಚಿತ್ರ ಹೋಟೆಲಿನ ಕೌಂಟರ್ ಎದುರಿಗೇ ಇದೆ. ಕೆಳಗೆ ದಪ್ಪ ಅಕ್ಷರದಲ್ಲಿ ಊರಿನ ಹೆಸರು.

“ಇದೇನ್ರೀ, ಏನೂ ಸರಿಯಾಗಿ ಕಾಣವಲ್ದು” ಎಂದವರಿಗೆ ಮಾಲೀಕರು ಹೇಳುವುದು ಇಷ್ಟೇ...

“ಸ್ವಲ್ಪ ನಿಂತು ನೋಡ್ರಿ.”

*ನಿಮ್ಮ ಮನಸ್ಸು ಕಂಡದ್ದನ್ನು ಇನ್ನೊಬ್ಬರ ಮೆಚ್ಚುಗೆಗಾಗಿ ತಿದ್ದಬೇಡಿ.*

ನಿಮ್ಮದನ್ನು ಯಾರಾದರೂ “ಸ್ವಲ್ಪ ಬದಲಿಸಿ ಕೊಡಿ” ಎಂದರೆ... ಆಗುವುದಿಲ್ಲ ಎನ್ನುವ ಧೈರ್ಯ ನಿಮಗಿದೆಯಾ?