ದೂರು ಕೊಟ್ಟೋನು ಯಾರು?

"ಯಾರೋ ಅವನು, ಕೈ ಸೇದಿಹೋದೋನು?" ಮೆಟ್ಟಿಲು ಹತ್ತುತ್ತಾನೇ ಅಕ್ಕ ಶುರು ಹಚ್ಕೊಂಡ್ಲು. "ನನ್ನ ತಮ್ಮನ ಮೇಲೆ ದೂರು ಬರೀತಾನಾ?"

ತಮ್ಮ ಅವಳ ಹಿಂದೇ ಮೆಟ್ಟಿಲು ಹತ್ತಿದ. ಅವನ ಕಂಕುಳಲ್ಲಿ ಹಳೇ ಪೇಪರ್ ಸುತ್ತಿದ ಒಂದು ಕಟ್ಟು. ಒಳಗಿದ್ದದ್ದು ಅವನ ಲೈಸೆನ್ಸು, ಫ್ರೇಮ್ ಸಮೇತ. ಇಪ್ಪತ್ತೆರಡು ವರ್ಷ ಆಫೀಸಿನ ಗೋಡೆ ಮೇಲೆ ಮೆರೆದದ್ದನ್ನ ಮೊಳೆಯಿಂದ ಇಳಿಸಿ ತಂದಿದ್ದ. ತಗೊಂಡು ಬಾ ಅಂತ ಯಾರೂ ಹೇಳಿರಲಿಲ್ಲ.

ಇದು ಮನೆ ದಲ್ಲಾಳಿಗಳ ಲೈಸೆನ್ಸ್ ಆಯೋಗ. ಕೊಡೋದೂ ಇವರೇ, ಕಿತ್ಕೊಳ್ಳೋದೂ ಇವರೇ. ಯಮನಾದ್ರೂ ಚಿತ್ರಗುಪ್ತನ್ನ ಒಂದು ಮಾತು ಕೇಳ್ತಾನೆ. ಇಲ್ಲಿ ಅಧ್ಯಕ್ಷೆ ಮೇಡಂ ಪೆನ್ನಿನ ಮುಚ್ಚಳ ತೆಗೆದ್ರೆ ಸಾಕು, ಆರಡಿ ದಲ್ಲಾಳಿ ಮೂರಡಿ ಆಗಿ ಆಚೆ ಬರ್ತಾನೆ. ಯಾರನ್ನ ಬೇಕಾದ್ರೂ ಕರೆಸ್ತಾರೆ, ಯಾವ ಪತ್ರ ಬೇಕಾದ್ರೂ ತರಿಸ್ತಾರೆ, ಪ್ರಮಾಣ ಮಾಡಿಸಿ ಕಲ್ಲಿನ ಕೈಲೂ ಮಾತಾಡಿಸ್ತಾರೆ. ಅಕ್ಕನಿಗೂ ಹಾಗೇ ಕಾಗದ ಬಂದಿತ್ತು. ಮನೆ ಕೊಂಡವರು ಸಾಕ್ಷಿಗೆ ಬರತಕ್ಕದ್ದು.

ಮನೆ ಕೊಂಡೋಳು ಅವಳು. ಕೊಡಿಸಿದೋನು ತಮ್ಮ. ಮೂವತ್ತು ವರ್ಷ ಬಟ್ಟೆ ಹೊಲಿದು ಬೆನ್ನು ಬಿಲ್ಲಾದ ಮೇಲೆ ಸಿಕ್ಕಿದ್ದು ಆ ಎರಡು ಕೋಣೆ. ಅದರ ಹಿಂದಿನ ಗೋಡೆ ಒಳಗಿಂದಾನೇ ನೀರು ಕಕ್ಕೋಕೆ ಶುರು ಮಾಡ್ತು. ಹೊಲಿದಿಟ್ಟ ಬಟ್ಟೆಗೆಲ್ಲ ಬೂಷ್ಟು. ಗಿರಾಕಿಗಳು ಮೂಗು ಮುಚ್ಕೊಂಡು ವಾಪಸ್ ತಂದುಕೊಟ್ರು. ಅಕ್ಕ ಕೆಮ್ಮಿದ್ರೆ ಮೂರು ಬೀದಿ ಆಚೆ ಮಲಗಿರೋ ನಾಯೀನೂ ಎದ್ದು ಕೂರುತ್ತೆ.

ಬಾಗಿಲಲ್ಲಿ ಗುಮಾಸ್ತ ರಿಜಿಸ್ಟರ್ ತಳ್ಳಿದ. ಬೆರಳಿಟ್ಟು ತೋರಿಸಿದ ಕಡೆ ಅಕ್ಕ ಒಂದು ಸಹಿ ಹಾಕಿದ್ಲು, ತಮ್ಮ ಎರಡು ಹಾಕಿದ.

"ದೂರು ಕೊಟ್ಟ ಮಹಾನುಭಾವ ಬಂದಿದಾನೋ, ಮನೇಲಿ ಅವಿತ್ಕೊಂಡಿದಾನೋ?" ಅಕ್ಕ ಕೇಳಿದ್ಲು.

"ಬಂದಿದಾರಮ್ಮ, ಸಹಿ ಆಗಿದೆ," ಅಂದ ಗುಮಾಸ್ತ, ರಿಜಿಸ್ಟರಿಂದ ತಲೆ ಎತ್ತದೆ.

ಅಕ್ಕ ಒಳಗೆ ಕಣ್ಣಾಡಿಸಿದ್ಲು. ಹಿಂದಿನ ಬೆಂಚಲ್ಲಿ ಒಬ್ಬ ದಪ್ಪನೆ ಆಸಾಮಿ, ಇಡೀ ಬೆಂಚು ಅವನಿಗೊಬ್ಬನಿಗೇ, ತೂಕಡಿಸ್ತಾ ಕೂತಿದ್ದ.

"ಅವನೇ ಕಣೋ. ಮುಖ ನೋಡು, ಕದ್ದು ಹಾಲು ಕುಡಿದ ಬೆಕ್ಕು."

"ಸುಮ್ನಿರಕ್ಕ."

"ಸುಮ್ನಿದ್ದೂ ಸುಮ್ನಿದ್ದೂ ನೀನು ಹಿಂಗಾಗಿರೋದು. ಯಾರು ಅಂತ ಕೇಳೋಕೂ ಹೋಗಲ್ವಲ್ಲೋ!"

"ಯಾರಾದ್ರೇನು. ಬರೆದಿರೋದು ಸುಳ್ಳಲ್ಲವಲ್ಲ."

"ಮುಚ್ಚು ಬಾಯಿ."

ಇಬ್ಬರ ಕೈಲೂ ಪ್ರಮಾಣ ಮಾಡಿಸಿದ್ರು. ಮೇಡಂ ಮೊದಲು ತಮ್ಮನನ್ನ ಕೇಳಿದ್ರು.

"ಆ ಗೋಡೆ ವಿಷಯ ಮಾರೋಕೆ ಮುಂಚೆ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಕೊಳ್ಳೋರಿಗೆ ಹೇಳಿದ್ರಾ?"

ತಮ್ಮ ಉಸಿರು ಎಳ್ಕೊಳ್ಳೋ ಹೊತ್ತಿಗೆ ಅಕ್ಕ ಎದ್ದಾಗಿತ್ತು.

"ಹೇಳಿದ್ದ ಮೇಡಂ! ಒಂದಲ್ಲ, ನೂರು ಸಲ! 'ಅಕ್ಕಾ, ಈ ಗೋಡೆ ಅಳುತ್ತೆ, ಬೇಡ' ಅಂತ ಕಾಲು ಹಿಡ್ಕೊಂಡ. ಅತ್ರೆ ಕಣ್ಣೊರೆಸ್ತೀನಿ ಬಿಡೋ ಅಂದೋಳು ನಾನು."

"ಪ್ರಮಾಣ ಮಾಡಿದೀರ ಅಮ್ಮಾ."

"ಮಾಡಿದ ಮೇಲೇ ಹೇಳ್ತಿರೋದು."

ತಮ್ಮನ ಕಿವಿ ಹೇಗೆ ಕೆಂಪಾಯ್ತು ಅಂದ್ರೆ, ಕಡ್ಡಿ ಗೀರಿದ್ರೆ ಹತ್ಕೊಂಡು ಉರೀಬೇಕು. ಒಂದು ಸಲಾನೂ ಹೇಳಿರಲಿಲ್ಲ ಅವನು. ಮನೆ ತೋರಿಸೋಕೆ ಎರಡು ದಿನ ಮುಂಚೆ ಗೋಡೆಗೆ ಎರಡು ಕೋಟು ಬಣ್ಣ ಬಳಿಸಿದ್ದ, ಬೀರು ಒರಗಿಸಿದ್ದ, ನೆತ್ತಿ ಬಿಸಿಲಲ್ಲಿ ಕಿಟಕಿಗಳನ್ನೆಲ್ಲ ತೆರೆದಿಟ್ಟು ಕರ್ಕೊಂಡು ಹೋಗಿದ್ದ. ಅಕ್ಕ ಬಾಗಿಲಲ್ಲೇ ನಿಂತು ನಕ್ಕಿದ್ಲು. "ನೀನು ನೋಡಿದೀಯಲ್ಲ, ನಾನ್ಯಾಕೆ ನೋಡ್ಲಿ?"

ಗೋಡೆ ಸೋರಿದ ಮೇಲೂ ಅವನಿಗೆ ಒಂದು ಮಾತು ಅನ್ಲಿಲ್ಲ ಅವಳು. ಉಗಿದಿದ್ರೆ ಬದುಕಿಬಿಡ್ತಿದ್ದ. ಇವತ್ತು ಹೇಳೇಬಿಡ್ತೀನಿ ಅಂತ ವಾರವಾರ ಹೋಗ್ತಿದ್ದ. ಅವಳು ಕೆಮ್ಮುತ್ತಾ ಊಟ ಬಡಿಸ್ತಿದ್ಲು. ಹೇಳಬೇಕಾದ ಮಾತು ತುತ್ತಿನ ಜೊತೆ ಹೊಟ್ಟೆಗೆ ಇಳಿದುಹೋಗ್ತಿತ್ತು.

"ಅಕ್ಕಾ, ಬೇಡ," ಅಂದ ಈಗ, ಗಂಟಲಲ್ಲೇ.

"ಚಿಕ್ಕವನು ಚಿಕ್ಕವನ ಹಾಗಿರು." ಚಿಕ್ಕವನಿಗೆ ಐವತ್ತೊಂದು ತುಂಬಿತ್ತು.

ಮೇಡಂ ಪೆನ್ನಿನ ಮುಚ್ಚಳ ತೆಗೆದ್ರು. ಬರೀಲಿಲ್ಲ. ತಮ್ಮನ ಕಡೆ ಒಂದು ಸಲ ನೋಡಿ ಅಕ್ಕನ ಕಡೆ ತಿರುಗಿದ್ರು.

"ಹೇಳಿಯೇ ಮಾರಿದ್ರೆ ಇವರದ್ದು ತಪ್ಪಿಲ್ಲ. ಲೈಸೆನ್ಸ್ ಉಳಿಯುತ್ತೆ. ಆದ್ರೆ ಆಗ ದೂರು ಸುಳ್ಳು ಅಂತಾಗುತ್ತೆ. ಬೇಕಂತಲೇ ಸುಳ್ಳು ದೂರು ಕೊಟ್ಟೋರ ಮೇಲೂ ಕ್ರಮ ತಗೊಳ್ಳೋ ಅಧಿಕಾರ ನಮಗಿದೆ. ಯೋಚನೆ ಮಾಡಿ ಹೇಳಿ."

"ತಗೊಳ್ಳಿ ಮೇಡಂ! ಅವನ ಚರ್ಮ ಸುಲಿದು ಕೊಡಿ, ನಾನೇ ಕೂತು ಚೀಲ ಹೊಲಿದುಕೊಡ್ತೀನಿ."

"ಅಷ್ಟು ಕೋಪಾನಾ?"

"ಮತ್ತೆ? ತಂದೆತಾಯಿ ಹೋದ ಮೇಲೆ ಎತ್ತಿ ಆಡಿಸಿದ ಕೂಸು ಇದು. ಇದರ ಅನ್ನಕ್ಕೆ ಕಲ್ಲು ಹಾಕ್ತಾನೆ ಅಂದ್ರೆ ಅವನು ಮನುಷ್ಯನಾ? ನನ್ನ ಎದುರಿಗೆ ನಿಲ್ಲಿಸಿ. ಕ್ಯಾಕರಿಸಿ ಉಗೀದೆ ಹೋದ್ರೆ ಕೇಳಿ." ಅಷ್ಟು ಹೇಳಿ ಬೆಂಚಿನ ಕಡೆ ತಿರುಗಿ ಸೆರಗು ಬಿಗಿದು ಕಟ್ಟಿದ್ಲು.

ದಪ್ಪನೆ ಆಸಾಮಿ ಬೆಚ್ಚಿ ಕಣ್ಣು ಬಿಟ್ಟ. "ನಂದು ಮುಂದಿನ ಕೇಸು ತಾಯಿ," ಅಂದ.

"ಹಾಗಾದ್ರೆ ಯಾರು? ಹೆಸರು ಓದಿ ಮೇಡಂ. ಗಟ್ಟಿಯಾಗಿ ಓದಿ."

ತಮ್ಮ ಕೈಯಲ್ಲಿದ್ದ ಕಟ್ಟನ್ನ ಎದೆಗೆ ಅವುಚ್ಕೊಂಡು ಕಣ್ಣು ಮುಚ್ಚಿದ. ಮೇಡಂ ಫೈಲು ಬಿಚ್ಚಿ, ದೂರಿನ ಕೊನೆಗಿದ್ದ ಹೆಸರು ಓದಿದ್ರು.

"ಅದು ನನ್ನ ತಮ್ಮನ ಹೆಸರು ಮೇಡಂ," ಅಂದ್ಲು ಅಕ್ಕ. "ನಾನು ಕೇಳಿದ್ದು ದೂರು ಕೊಟ್ಟೋನ್ದು."

ಮೇಡಂ ಅದೇ ಹೆಸರನ್ನ ಇನ್ನೊಂದು ಸಲ ಓದಿದ್ರು.